ಜಾಲರಿ ಎಷ್ಟು ಅಗಲವಿರಬೇಕು?

ಸೋಲದೇವನಹಳ್ಳಿಯಲ್ಲಿ ರೈಲು ನಿಲ್ದಾಣದಿಂದ ಹೆಸರಘಟ್ಟ ರಸ್ತೆಯ ಕಡೆಗೆ ಹೊರಟರೆ ಮೂವತ್ತು-ನಲವತ್ತರ ಸೈಟುಗಳಲ್ಲಿ ಏಳುತ್ತಿರುವ ಮನೆಗಳು ಕಾಣುತ್ತವೆ. ಈ ಸೈಟುಗಳಲ್ಲಿ ಹಿತ್ತಲು ಅನ್ನುವುದು ಉಳಿಯುವುದಿಲ್ಲ. ಬಚ್ಚಲ ಒಲೆ, ಒರಳು, ಸೌದೆ ಇದ್ದ ಆ ಜಾಗದ ಆಸೆ ಮಾತ್ರ ಉಳಿದು ಟೆರೇಸ್ ಹತ್ತಿದೆ. ಅಲ್ಲೊಂದು ಕಲ್ಲಿನ ಕಟ್ಟೆ, ಸಿಂಕು, ಮೇಲೆ ಶೀಟು, ನಡುವೆ ಒಂದು ಗ್ರಿಲ್. ಇಂಥ ಹೊರಗಿನ ಅಡುಗೆಮನೆ ಮಾಡಿಸಲು ಹೊರಟ ಒಬ್ಬ ಗೃಹಸ್ಥ, ಅವನ ದೊಡ್ಡಮ್ಮ: ಇವರಿಬ್ಬರ ಮಾತು ಇದು. ಆತ ಪೀಣ್ಯದಲ್ಲಿ ದುಡಿಯುವವನು, ಕಬ್ಬಿಣದ ಲೆಕ್ಕ ಬಲ್ಲವನು. ಆಕೆ ಕುಣಿಗಲ್ ಸೀಮೆಯವರು, ಒಲೆಯ ಲೆಕ್ಕ ಬಲ್ಲವರು.

ಮಗ: ದೊಡ್ಡಮ್ಮ, ಆರು ಬರ್ನರಿನ ಗ್ರಿಲ್ಲೇ ಹಾಕಿಸಿಬಿಡೋಣ ಅಂತಿದೀನಿ. ಐದಡಿ ಅಗಲ ಬರುತ್ತೆ. ಕಟ್ಟೋದು ಒಂದೇ ಸಲ, ಆಮೇಲೆ ಸಾಲಲಿಲ್ಲ ಅಂತ ಪೇಚಾಡೋದು ಬೇಡ.

ದೊಡ್ಡಮ್ಮ: ಮನೇಲಿ ಉಣ್ಣೋರು ಎಷ್ಟು ಜನಪ್ಪ?

ಮಗ: ದಿನಾ ನಾಲ್ಕು ಜನ. ಆದ್ರೆ ಹೊಸತೊಡಕಿಗೆ ಮೂವತ್ತು ಜನ ಸೇರ್ತಾರಲ್ಲ? ನೀವೇ ಎಲ್ಲರನ್ನೂ ಕರೀತೀರಿ.

ದೊಡ್ಡಮ್ಮ: ಕರೀತೀನಿ. ಯುಗಾದಿ ಮಾರನೇ ದಿನ ನೆಂಟರು ಬರದೆ ಇದ್ದರೆ ಅದೇನು ಹಬ್ಬ! ಆದರೆ ಆವತ್ತು ಅವರು ಉಣ್ಣೋದೇನು ಹೇಳು. ಗುಡ್ಡೆ ಮಾಂಸ ತಂದು ಸಾರು ಮಾಡ್ತೀವಿ. ಮುದ್ದೆ ಕಟ್ತೀವಿ. ಬೋಟಿ ಗೊಜ್ಜು, ಬಿರಿಯಾನಿ. ಇದರಲ್ಲಿ ಜಾಲರಿ ಮೇಲೆ ಬೇಯೋದು ಯಾವುದು? ಎಲ್ಲಾ ಪಾತ್ರೆಯಲ್ಲೇ. ಮೂವತ್ತು ಜನಕ್ಕೆ ನಿನಗೆ ಬೇಕಾಗಿರೋದು ಗಟ್ಟಿ ಒಲೆ. ಐದಡಿ ಜಾಲರಿ ತಗೊಂಡು ಅದರ ಮೇಲೆ ಸಾರಿನ ಹಂಡೆ ಕೂರಿಸ್ತೀಯಾ?

ಮಗ: ಕಾಲ ಹಾಗೇ ಇಲ್ಲ ದೊಡ್ಡಮ್ಮ. ಮಕ್ಕಳು ಮುದ್ದೆ ಮುಗಿಸೋ ಮೊದಲೇ ಸುಟ್ಟ ಚಾಪ್ಸ್ ಎಲ್ಲಿ, ಕಬಾಬ್ ಎಲ್ಲಿ ಅಂತಾರೆ. ಪನೀರು, ಅಣಬೆ, ಅನಾನಸ್ಸು, ಮುಸುಕಿನ ಜೋಳ ಎಲ್ಲಾ ಕೆಂಡದ ಮೇಲೇ ಬೇಕು. ಮಾಂಸ ತಿನ್ನದ ಸ್ನೇಹಿತರೂ ಬರ್ತಾರೆ, ಅವರಿಗೆ ಬೇರೆ ಜಾಗ ಬಿಡಬೇಕು. ಒಂದೇ ಜಾಲರಿಯಲ್ಲಿ ಕೋಳಿ ಪಕ್ಕ ಪನೀರು ಇಟ್ಟುಕೊಟ್ಟರೆ ಅವರು ಹೇಗೆ ತಿಂದಾರು?

ದೊಡ್ಡಮ್ಮ: ಆ ಮಾತು ಒಪ್ಪಿದೆ. ಅದನ್ನ ನಾನು ಯೋಚಿಸಿರಲಿಲ್ಲ. ಸರಿ, ಒಬ್ಬರಿಗೆ ಎಷ್ಟು ಜಾಗ ಬೇಕಾಗುತ್ತೆ ಅಂತೀಯಾ?

ಮಗ: ಒಂದಡಿ ಉದ್ದ, ಅರ್ಧ ಅಡಿ ಅಗಲ ಅನ್ನೋದು ರೂಢಿ. ಅಂದ್ರೆ 72 ಚದರ ಇಂಚು. ಎರಡು ತುಂಡು ಕೋಳಿ, ಜೊತೆಗೆ ಒಂದಷ್ಟು ತರಕಾರಿ ಹಿಡಿಸುತ್ತೆ. ಮೂವತ್ತು ಜನಕ್ಕೆ ಹದಿನೈದು ಚದರ ಅಡಿ, ಐದಡಿಗೆ ಮೂರಡಿ.

ದೊಡ್ಡಮ್ಮ: ಮೂರಡಿ ಆಳ! ಆ ಕಡೇ ತುದಿಯಲ್ಲಿರೋ ತುಂಡನ್ನ ಯಾರು ತಿರುವಿ ಹಾಕ್ತಾರೆ? ಕೆಂಡದ ಮೇಲೆ ಬಗ್ಗಿ ಕೈ ಚಾಚಬೇಕು. ನನ್ನ ತೋಳು ಒಂದೂವರೆ ಅಡಿಗಿಂತ ಆಚೆ ನೆಮ್ಮದಿಯಾಗಿ ಹೋಗಲ್ಲ. ನಿನ್ನ ಹೆಂಡತಿಯದೂ ಅಷ್ಟೇ. ಸೀರೆ ಸೆರಗು, ದುಪಟ್ಟ ಜಾರಿದರೆ ಏನು ಗತಿ?

ಮಗ: ಸರಿ, ಆಳ ಒಂದೂವರೆ ಅಡಿ. ಅಷ್ಟಕ್ಕೆ ನಿಲ್ಲಿಸ್ತೀನಿ. ಆದರೆ ಉದ್ದ ಬಿಡಲ್ಲ.

ದೊಡ್ಡಮ್ಮ: ಉದ್ದಕ್ಕೂ ಬೆಲೆ ಇದೆ. ಎರಡಂಗುಲ ಕೆಂಡ ಹರಡೋಕೆ ಇದ್ದಿಲು ಎಷ್ಟು ಬೇಕು ಅಂತ ಲೆಕ್ಕ ಹಾಕಿದೀಯಾ?

ಮಗ: ಹಾಕಿದೀನಿ. ಎರಡಡಿಗೆ ಒಂದೂವರೆ ಅಡಿ ಇದ್ದರೆ ಮೂರು ಕಿಲೋ ಮೇಲೆ. ಐದಕ್ಕೆ ಮೂರು ಆಗಿದ್ದರೆ ಹದಿನೈದು ಕಿಲೋ ದಾಟುತ್ತೆ. ಅದಕ್ಕೇ ಗ್ಯಾಸ್ ಅಂದಿದ್ದು.

ದೊಡ್ಡಮ್ಮ: ಗ್ಯಾಸಿಗೂ ಹೊಟ್ಟೆ ಇದೆ.

ಮಗ: ಇದೆ. ಮೂರು ಬರ್ನರಿನದು ಪೂರ್ತಿ ಉರಿಗೆ ಗಂಟೆಗೆ ಸುಮಾರು 700 ಗ್ರಾಂ ಕುಡಿಯುತ್ತೆ. ಮನೆಯ 14.2 ಕಿಲೋ ಸಿಲಿಂಡರು ಇಪ್ಪತ್ತು ಗಂಟೆ ಬರುತ್ತೆ. ಆರು ಬರ್ನರಿಗೆ ಹತ್ತು ಗಂಟೆ. ಅದೂ ಅಲ್ಲದೆ ಒಂದೇ ಸಿಲಿಂಡರಿನಿಂದ ಅಷ್ಟು ಗ್ಯಾಸ್ ಒಟ್ಟಿಗೆ ಎಳೆದರೆ ಅದರ ಮೈ ತಣ್ಣಗಾಗಿ ಬೆವರುತ್ತೆ, ಒತ್ತಡ ಇಳಿದು ಉರಿ ಸೊರಗುತ್ತೆ. ಇದು ದೊಡ್ಡ ಗ್ರಿಲ್ಲಿನ ತೊಂದರೆ ಅಂತ ನಾನೂ ಒಪ್ತೀನಿ.

ಇಲ್ಲಿ ಒಂದು ಮಾತು ಸೇರಿಸಬೇಕು. ಇಬ್ಬರ ಲೆಕ್ಕವೂ ಜಾಲರಿ ಪೂರ್ತಿ ತುಂಬಿರುತ್ತದೆ ಎಂದುಕೊಂಡೇ ಹೊರಟಿದೆ. ಹಾಗೆ ತುಂಬಿದರೆ ಅಡುಗೆ ಕೆಡುತ್ತದೆ. ಮಾಂಸದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಜ್ವಾಲೆ ಮೇಲೇಳುತ್ತದೆ. ಆಗ ತುಂಡನ್ನು ತಕ್ಷಣ ಸರಿಸಲು ಉರಿಯಿಲ್ಲದ ಜಾಗ ಬೇಕು. ಮೂಳೆಯಿರುವ ಕೋಳಿ ಮೇಲೆ ಕಂದಿ ಒಳಗೆ ಹಸಿಯಾಗಿ ಉಳಿಯುವುದು ಇಂಥ ಜಾಗವಿಲ್ಲದ್ದರಿಂದಲೇ. ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಮಂದ ಉರಿಯಲ್ಲಿ, ಮುಚ್ಚಳದಡಿ ಕೂರಬೇಕು. ಆದ್ದರಿಂದ ಜಾಲರಿಯ ಮೂರನೇ ಒಂದು ಭಾಗವನ್ನು ಖಾಲಿ ಬಿಟ್ಟೇ ಅಳತೆ ಹಾಕಬೇಕು. ನಾಲ್ಕು ಜನಕ್ಕೆ ಎರಡು ಚದರ ಅಡಿ ಆಹಾರ, ಖಾಲಿ ಜಾಗ ಸೇರಿ ಮೂರು: ಎರಡಡಿಗೆ ಒಂದೂವರೆ ಅಡಿ. ಎಂಟು ಜನಕ್ಕೆ ಅದರ ಎರಡರಷ್ಟು: ನಾಲ್ಕಡಿಗೆ ಒಂದೂವರೆ. ಇದೇ ಲೆಕ್ಕವನ್ನು ಅಂಗಡಿಯ ಗ್ರಿಲ್ಲಿಗೂ ಹಿಡಿಯಬಹುದು. ಷಿಕಾಗೋದಲ್ಲಿ 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಮುಚ್ಚಳದ ಗ್ರಿಲ್ ಮಾಡಿದ. ಅದೇ ವೆಬರ್ ಕೆಟಲ್. ಈಗ ಸಿಗುವ 22 ಇಂಚಿನ ಕೆಟಲ್‌ನ ಜಾಲರಿ ಸುಮಾರು 363 ಚದರ ಇಂಚು. ತುಂಬಿದರೆ ಐದು ಜನಕ್ಕೆ, ಜಾಗ ಬಿಟ್ಟರೆ ಮೂರು ಜನಕ್ಕೆ.

ಮಗ: ನೋಡಿ, ಖಾಲಿ ಜಾಗ ಬೇಕು ಅನ್ನೋದು ನನ್ನ ಕಡೆಗೇ ವಾಲುತ್ತೆ. ದೊಡ್ಡದಿದ್ದರೆ ಅರ್ಧ ಹೊತ್ತಿಸಬಹುದು. ಚಿಕ್ಕದಿದ್ದರೆ ಏನು ಮಾಡಿದರೂ ಹಿಗ್ಗಲ್ಲ.

ದೊಡ್ಡಮ್ಮ: ಅರ್ಧ ಹೊತ್ತಿಸಿದ ದೊಡ್ಡ ಒಲೆ ಎಷ್ಟು ಶಾಖ ಚೆಲ್ಲುತ್ತೆ ನಿನಗೆ ಗೊತ್ತಿಲ್ಲ. ನಮ್ಮೂರ ಕಡೆ ಉಂಗ್ರದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರು ಬಂದು ಕೂತಿದ್ದರು. ಅಸ್ತ್ರ ಒಲೆ ಅಂತ ಹಾಕಿಸಿಕೊಟ್ಟರು. ನಮ್ಮನೇಲೂ ಇತ್ತು. ಮೂರು ಪಾತ್ರೆಗೆ ಮೂರು ಬಾಯಿ. ಪಾತ್ರೆ ಬಾಯೊಳಗೆ ಇಳಿದು ಕೂರಬೇಕು, ಸುತ್ತ ಸಂದು ಇರಬಾರದು. ಸೌದೆ ಇಡೋ ಗೂಡು ಚಿಕ್ಕದು. ಮೊದಲು ನಮ್ಮತ್ತೆ ಇಷ್ಟು ಚಿಕ್ಕದರಲ್ಲಿ ಮುದ್ದೆ ಬೆಂದ ಹಾಗೇ ಅಂತ ಮೂಗು ಮುರಿದರು. ಆಮೇಲೆ ಸೌದೆ ಉಳಿದಿದ್ದು ನೋಡಿ ಅವರೇ ಅಕ್ಕಪಕ್ಕದೋರಿಗೆ ಹೇಳಿದರು.

ಆಕೆ ಹೇಳಿದ ಅಸ್ತ್ರ, ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನ ತಲುಪಿಸಲು ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಕೇಂದ್ರ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿ ರೂಪುಗೊಂಡ ಒಲೆ ಮುಂದೆ ಕರ್ನಾಟಕದ ಹಲವು ಹಳ್ಳಿಗಳಿಗೆ ಹರಡಿತು. ಬೆಂಕಿಯ ಅಳತೆಯನ್ನು ಪಾತ್ರೆಯ ಅಳತೆಯಿಂದ ತೆಗೆಯಬೇಕು ಎಂಬುದು ಆ ಒಲೆಯ ಜೀವಾಳ. ಗ್ರಿಲ್ ಕೊಳ್ಳುವವರು ಬರ್ನರುಗಳ ಸಂಖ್ಯೆ ಕೇಳುವ ಮೊದಲು ಈ ಮಾತನ್ನು ಕೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಗ: ಆದರೆ ಅದು ಪಾತ್ರೆಯ ಒಲೆ. ನೀವೇ ಈಗ ಅಂದಿರಿ, ಪಾತ್ರೆಯ ಒಲೆ ಬೇರೆ, ಜಾಲರಿ ಬೇರೆ ಅಂತ. ಜಾಲರಿ ಮೇಲೆ ಎಲ್ಲಾ ಕಡೆ ಬಾಯಿ ತೆರೆದೇ ಇರುತ್ತೆ.

ದೊಡ್ಡಮ್ಮ: ಅದಕ್ಕೇ ಇನ್ನೂ ಜೋಪಾನ ಬೇಕು. ಬಾಯಿ ತೆರೆದಷ್ಟೂ ಶಾಖ ಹಾಳು. ಹೆಸರಘಟ್ಟದ ಬಯಲಿನ ಗಾಳಿ ನಿನ್ನ ಟೆರೇಸಿಗೆ ನೇರ ಬರುತ್ತೆ. ಆಷಾಢದಲ್ಲಿ ಪಡುವಣ ಗಾಳಿ ಬೀಸಿದರೆ ಐದಡಿ ಬೆಂಕಿಯನ್ನ ಯಾವ ಮುಚ್ಚಳ ಹಾಕಿ ಹಿಡೀತೀಯಾ? ಹೊಗೆ ಎಲ್ಲಾ ಪೂರ್ವದ ಮನೆಗೆ. ಅವರು ಮಾಂಸ ಮುಟ್ಟೋರಲ್ಲ. ದಿನಾ ಮುಖ ನೋಡಬೇಕಾದ ಜನ.

ಮಗ: ಗ್ರಿಲ್ಲನ್ನ ಪಡುವಣ ಗೋಡೆಗೆ ಬೆನ್ನು ಮಾಡಿ ಇಡಿಸ್ತೀನಿ, ಗಾಳಿ ಅಷ್ಟು ತಟ್ಟಲ್ಲ. ಹೊಗೆಯ ಮಾತು ಮಾತ್ರ ನನ್ನನ್ನೂ ಕಾಡ್ತಿದೆ. ಬೇಸಗೆಯಲ್ಲಿ, ಸಂಜೆ ಗಾಳಿ ನಿಂತ ಮೇಲೆ, ಅವರಿಗೆ ಒಂದು ಮಾತು ಹೇಳಿ ಹೊತ್ತಿಸಬೇಕು.

ದೊಡ್ಡಮ್ಮ: ಹೊಗೆ ಕಡಿಮೆ ಬರೋದು ಕಡಿಮೆ ಬೆಂಕಿಯಿಂದ. ಅಷ್ಟೇ.

ಮಗ: ಇಟ್ಟಿಗೆಯಲ್ಲಿ ಕಟ್ಟಿಸಿದರೆ ಹೇಗೆ ಅಂತಲೂ ಯೋಚಿಸಿದ್ದೆ. ನಿಮಗೂ ಹಳೇ ಒಲೆ ಕಂಡ ಹಾಗಾಗುತ್ತೆ ಅಂತ.

ದೊಡ್ಡಮ್ಮ: ಟೆರೇಸ್ ಮೇಲೆ ಇಟ್ಟಿಗೆನಾ? ಭಾರ ಎಷ್ಟಾಗುತ್ತೆ?

ಮಗ: ಬೆಂಕಿ ತಡೆಯೋ ಇಟ್ಟಿಗೆ ಒಂದೊಂದೂ ಹತ್ತಿರ ಹತ್ತಿರ ನಾಲ್ಕು ಕಿಲೋ. ಇನ್ನೂರು ಇಟ್ಟಿಗೆ ಅಂದರೆ ಎಂಟುನೂರು ಕಿಲೋ, ಗಾರೆ, ಕಲ್ಲು ಬೇರೆ. ಜನ ಓಡಾಡೋ ಟೆರೇಸಿಗೆ ಚದರ ಮೀಟರಿಗೆ 150 ಕಿಲೋ ಅಂತ ಲೆಕ್ಕ ಹಿಡಿದಿರ್ತಾರೆ. ಎಂಜಿನಿಯರ್ ಕೇಳಿದರೆ ತೊಲೆಯ ಮೇಲೆ ಬರೋ ಹಾಗೆ ಚಿಕ್ಕದು ಮಾಡಿ ಅಂತಾರೆ. ಅದಕ್ಕೇ ಉಕ್ಕಿನದಕ್ಕೆ ಬಂದೆ.

ದೊಡ್ಡಮ್ಮ: ಅಲ್ಲಿಗೆ ಇಟ್ಟಿಗೆ ಮುಗೀತು. ಕಲ್ಲಿನ ಕಟ್ಟೆಗೆ ಕೆಂಡ ತಾಗಬಾರದು, ಅದನ್ನೂ ನೋಡು. ಸಾದರಹಳ್ಳಿ ಕಲ್ಲಾದರೂ ಉರಿ ನೇರ ಬಿದ್ದರೆ ಚಕ್ಕೆ ಏಳುತ್ತೆ.

ಮಗ: ಅದಕ್ಕೆ ಸುತ್ತ ತಗಡಿನ ಕವಚ ಇದೆ. ಸಿಲಿಂಡರ್ ಇಡೋ ಗೂಡಿಗೆ ಕೆಳಗಡೆಯೇ ಕಿಂಡಿ ಬಿಡಿಸ್ತೀನಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತೆ.

ಇಷ್ಟು ಹೊತ್ತು ಮಾತು ಅಂಗುಲ, ಕಿಲೋಗಳಲ್ಲಿ ನಡೆಯಿತು. ಇನ್ನು ಮುಂದಿನದು ಬೇರೆ. ಗ್ರಿಲ್ ಮಾರುವವರು ಯಾರೂ ಇದನ್ನು ಎತ್ತುವುದಿಲ್ಲ.

ಮಗ: ದೊಡ್ಡಮ್ಮ, ನಾನು ದೊಡ್ಡದು ಕೇಳೋದಕ್ಕೆ ನಿಜವಾದ ಕಾರಣ ಹೇಳ್ತೀನಿ. ಚಿಕ್ಕ ಜಾಲರಿ ಅಂದರೆ ಸರದಿ. ನಾಲ್ಕು ನಾಲ್ಕು ತುಂಡು ಬೇಯಿಸಿ ಕೊಡ್ತಾ ಇರಬೇಕು. ಉಳಿದೋರು ಬಿಸಿಬಿಸಿ ತಿಂತಾರೆ, ಬೇಯಿಸೋರು ಕೊನೇವರೆಗೂ ನಿಂತಿರ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದೀನಿ, ಹಬ್ಬದ ದಿನ ನೀವು ಒಂದು ಸಲವೂ ನಮ್ಮ ಪಂಕ್ತಿಯಲ್ಲಿ ಕೂತಿಲ್ಲ. ಎಲ್ಲರೂ ಕೈ ತೊಳೆದ ಮೇಲೆ ಒಲೆ ಮುಂದೆ ತಣ್ಣಗಾದ ಸಾರಲ್ಲಿ ಉಂಡಿದೀರಿ. ಎಲ್ಲಾ ಒಟ್ಟಿಗೆ ಬೆಂದರೆ ಎಲ್ಲರೂ ಒಟ್ಟಿಗೆ ಕೂರಬಹುದು. ಅದಕ್ಕೆ ಎರಡಡಿ ಜಾಸ್ತಿ ಉಕ್ಕು ಹಾಕಿದರೆ ತಪ್ಪಾ?

ದೊಡ್ಡಮ್ಮ: ತಪ್ಪು ಅಂತ ಹೇಗಪ್ಪಾ ಹೇಳಲಿ. ಯಾರೂ ನನ್ನನ್ನ ಈ ಮಾತು ಕೇಳಿರಲಿಲ್ಲ. ಆದರೆ ನಾನು ಕೂರದೆ ಇದ್ದದ್ದು ಒಲೆ ಚಿಕ್ಕದು ಅಂತಲ್ಲ. ಬಡಿಸೋಕೆ ಇನ್ನೊಬ್ಬರು ಇರಲಿಲ್ಲ, ಇದ್ದ ಗಂಡಸರು ಏಳಲಿಲ್ಲ. ನಿಮ್ಮ ದೊಡ್ಡಪ್ಪ ಒಂದು ದಿನ ಎದ್ದು ಬಂದು ಸೌಟು ಹಿಡಿದಿದ್ದರೆ ಅದೇ ಒಲೆಯಲ್ಲಿ ಅಡುಗೆ ಆಗಿ ನಾನೂ ಕೂರ್ತಿದ್ದೆ. ಒಲೆ ದೊಡ್ಡದಾದ ಕಡೆ ಕೆಲಸವೂ ದೊಡ್ಡದಾಗಿದ್ದನ್ನ ನಾನು ಕಂಡಿದೀನಿ. ಇಪ್ಪತ್ತು ಜನ ಬರೋ ಕಡೆ ನಲವತ್ತು ಜನ ಬರ್ತಾರೆ. ಒಲೆ ಇದೆಯಲ್ಲಾ, ಮಾಡಿಬಿಡಿ ಅಂತಾರೆ.

ಮಗ: ಇಲ್ಲಿ ಬೇಯಿಸೋನು ನಾನು. ಹೊರಗಿನ ಅಡುಗೆಮನೆ ನನ್ನದು.

ದೊಡ್ಡಮ್ಮ: ಮಾರನೇ ಬೆಳಗ್ಗೆ ಜಾಲರಿ ಉಜ್ಜೋನು?

ಮಗ: ಅದೂ ನಾನೇ.

ದೊಡ್ಡಮ್ಮ: ಐದಡಿ ಜಾಲರಿ, ಕೆಳಗಿನ ಕೊಬ್ಬಿನ ತಟ್ಟೆ, ಆರು ಬರ್ನರಿನ ತೂತು. ಮಳೆಗಾಲ ಪೂರ್ತಿ ಮುಚ್ಚಿಟ್ಟು, ಆಶ್ವೀಜದಲ್ಲಿ ತೆಗೆದರೆ ಒಳಗೆ ಜೇಡ ಗೂಡು ಕಟ್ಟಿರುತ್ತೆ. ಪ್ರತೀ ಸಲ ಮಾಡ್ತೀನಿ ಅಂತ ನನಗೆ ಮಾತು ಕೊಡು, ಆಮೇಲೆ ಎಷ್ಟಾದರೂ ಅಗಲ ಮಾಡಿಸಿಕೋ.

ಮಗ: (ಸ್ವಲ್ಪ ತಡೆದು) ಮೂರಡಿ ಆದರೆ ಮಾತು ಕೊಡ್ತೀನಿ.

ದೊಡ್ಡಮ್ಮ: ನೋಡು, ಉಜ್ಜೋದು ನೆನಪಾದ ಕೂಡಲೇ ಎರಡಡಿ ಇಳೀತು.

ಮಗ: ನೀವು ನಾಲ್ಕು ಜನಕ್ಕೆ ಆಗೋ ಎರಡಡಿಗೇ ನಿಲ್ತೀರಾ ಹಾಗಾದ್ರೆ?

ದೊಡ್ಡಮ್ಮ: ನಾನು ಎರಡಡಿಗೇ ನಿಲ್ತೀನಿ. ಉಳಿದ ಒಂದಡಿಗೆ ಕಟ್ಟೆ ಬಿಡು. ಹಸಿ ಮಾಂಸದ ತಟ್ಟೆ ಒಂದು ಕಡೆ, ಬೆಂದದ್ದು ಇನ್ನೊಂದು ಕಡೆ ಇಡಬೇಕು. ಒಂದೇ ತಟ್ಟೆಗೆ ಹಸಿದೂ ಬೆಂದದ್ದೂ ಹಾಕಿದರೆ ಮಕ್ಕಳ ಹೊಟ್ಟೆ ಕೆಡುತ್ತೆ. ಬಲಗಡೆ ಎರಡಡಿ, ಎಡಗಡೆ ಒಂದಡಿ ಕಲ್ಲು ಖಾಲಿ ಇರಲೇಬೇಕು. ನಿನ್ನ ಕಟ್ಟೆ ಒಟ್ಟು ಎಷ್ಟು?

ಮಗ: ಎಂಟಡಿ. ಸಿಂಕಿಗೆ ಎರಡು ಹೋಗುತ್ತೆ.

ದೊಡ್ಡಮ್ಮ: ಉಳಿದಿದ್ದು ಆರು. ಅದರಲ್ಲಿ ಐದಡಿ ಗ್ರಿಲ್ ಇಟ್ಟರೆ ತಟ್ಟೆಯನ್ನ ತಲೆ ಮೇಲೆ ಹೊತ್ತುಕೊಂಡು ಬೇಯಿಸ್ತಿದ್ಯಾ?

ಮಗ: ಮೂರಡಿ ಗ್ರಿಲ್, ಮೂರಡಿ ಖಾಲಿ ಕಲ್ಲು. ಸರಿಯಾಗಿ ಕೂರುತ್ತಲ್ಲ.

ದೊಡ್ಡಮ್ಮ: ನನ್ನ ಹಂಡೆ ಎಲ್ಲಿ ಕೂರುತ್ತೆ? ಹಳೇ ಒಲೆಗೆ ಕೋಡೊಲೆ ಇರ್ತಿತ್ತು. ಮುಂದೆ ಮುದ್ದೆಗೆ ಎಸರು, ಪಕ್ಕದಲ್ಲಿ ಸಾರು ಸುಮ್ಮನೆ ಕುದೀತಿತ್ತು. ನಿನ್ನ ಗ್ರಿಲ್ಲಿಗೂ ಒಂದು ಕೋಡು ಬೇಕು. ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡಿನ ದೊಡ್ಡ ಬರ್ನರು ಒಂದು. ಹೊಸತೊಡಕಿನ ಸಾರೂ ಅದರಲ್ಲೇ ಆಗುತ್ತೆ. ಅದಕ್ಕೂ ಸಾಲದ ದಿನ ಶಾಮಿಯಾನದವರ ಹತ್ತಿರ ಒಲೆ, ಬಾಣಲೆ, ಹಂಡೆ ಬಾಡಿಗೆಗೆ ಸಿಗುತ್ತೆ.

ಮಗ: ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೂರಡಿ ಬಿಡಲ್ಲ ದೊಡ್ಡಮ್ಮ. ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಮಾಡೋರಿಗೆ ಹೇಳಿದರೆ ನಡುವೆ ತಗಡಿನ ಅಡ್ಡ ಹಾಕಿ ಕೊಡ್ತಾರೆ. ಎರಡಡಿ ಒಂದು ಕಡೆ, ಒಂದಡಿ ಒಂದು ಕಡೆ. ನಾಲ್ಕು ಜನ ಇದ್ದಾಗ ಎರಡಡಿ ಕಡೆ ಮಾತ್ರ ಹೊತ್ತಿಸ್ತೀನಿ. ಸ್ನೇಹಿತರು ಬಂದಾಗ ಆ ಒಂದಡಿ ಕಡೆಗೆ ಬರೀ ತರಕಾರಿ, ಪನೀರು. ಅದಕ್ಕೆ ಇಕ್ಕಳವೂ ಬೇರೆ.

ದೊಡ್ಡಮ್ಮ: ಇಕ್ಕಳ ಬೇರೆ ಅನ್ನೋದು ಒಳ್ಳೇದು. ಆದರೆ ಆ ಒಂದಡಿ ವರ್ಷಕ್ಕೆ ಎಷ್ಟು ಸಲ ಹೊತ್ತುತ್ತೆ ಅಂತ ನಾನು ನೋಡ್ತೀನಿ.

ಮಗ: ನೋಡಿ. ಆವತ್ತು ನೀವು ಕೂತು ಉಣ್ತಾ ಇರ್ತೀರಿ, ನಾನು ಬೇಯಿಸ್ತಾ ಇರ್ತೀನಿ.

ದೊಡ್ಡಮ್ಮ: ನೀನು ನಿಂತಿರೋದೂ ನನಗೆ ಬೇಡ. ಅದೇ ನನ್ನ ಮಾತು. ಮೊದಲು ಬದನೆಕಾಯಿ, ಗೆಣಸು ಸುಟ್ಟಿಡು. ಕೋಳಿಯನ್ನ ಒಂದು ಸಲಕ್ಕೆ ಆಗೋವಷ್ಟೇ ಹಾಕು. ಉಳಿದದ್ದು ಸಾರಲ್ಲಿ ಬೇಯಲಿ. ಎಲ್ಲರ ಜೊತೆ ಬಂದು ಕೂರು.

ಮಗ: ಒಂದು ಸಲಕ್ಕೆ ಎಲ್ಲರಿಗೂ ಆಗಬೇಕು ಅಂತಲೇ ತಾನೇ ಮೂರಡಿ?

ದೊಡ್ಡಮ್ಮ: ಒಂದು ಸಲಕ್ಕೆ ಆಗೋವಷ್ಟು ಜನರನ್ನೇ ಕರಿ ಅಂತ ನಾನು.

ಮಾತು ಅಲ್ಲಿಗೆ ನಿಂತಿತು. ಮೂರಡಿಯೋ ಎರಡಡಿಯೋ ಎಂಬುದು ತೀರಲಿಲ್ಲ. ಐದಡಿ ಬೇಡ, ಆಳ ಒಂದೂವರೆ ಅಡಿ ದಾಟಬಾರದು, ಹಂಡೆಗೆ ಬೇರೆ ಬರ್ನರು ಬೇಕು, ಈ ಮೂರರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನನ್ನ ಮನಸ್ಸು ಅಡ್ಡ ಹಾಕಿದ ಮೂರಡಿಯ ಕಡೆಗಿದೆ. ಖಾಲಿ ಜಾಗ ಬಿಟ್ಟೂ ಆರು ಜನಕ್ಕೆ ಒಂದೇ ಸಲಕ್ಕೆ ಆಗುತ್ತದೆ. ಆದರೆ ಉಜ್ಜುವವರು ಯಾರೆಂದು ಮೊದಲೇ ಗೊತ್ತಾಗದ ಮನೆಯಲ್ಲಿ ದೊಡ್ಡಮ್ಮನ ಎರಡಡಿಯೇ ಸರಿ.

ನೀವೂ ಇಂಥ ಅಡುಗೆಮನೆ ಮಾಡಿಸುತ್ತಿದ್ದರೆ ಒಂದು ಕೆಲಸ ಮಾಡಿ. ಅಡ್ವಾನ್ಸ್ ಕೊಡುವ ಮೊದಲು ಟೆರೇಸಿನ ನೆಲದ ಮೇಲೆ ಸೀಮೆಸುಣ್ಣದಿಂದ ಜಾಲರಿ, ಅದರ ಎರಡು ಪಕ್ಕದ ಕಟ್ಟೆ, ಸಿಂಕು, ಹಂಡೆಯ ಬರ್ನರು ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಬರೆಯಿರಿ. ಮನೆಯ ಊಟದ ತಟ್ಟೆಗಳನ್ನು ಆ ಜಾಲರಿಯೊಳಗೆ ಜೋಡಿಸಿ, ಬೇಯಿಸುವವರನ್ನು ಅಲ್ಲಿ ನಿಲ್ಲಿಸಿ ಕೈ ಎಲ್ಲಿಗೆ ನಿಲುಕುತ್ತದೆ ನೋಡಿ. ಕಲ್ಲು ಕೊರೆಯುವವರಿಗೆ ಜಾಲರಿಯ ಅಳತೆ ಕೊಡಬೇಡಿ. ಗ್ರಿಲ್ ಮಾಡುವವರಿಂದ ಕಲ್ಲಿನಲ್ಲಿ ಕೊರೆಯಬೇಕಾದ ಕಿಂಡಿಯ ಅಳತೆಯನ್ನೇ ಬರೆಸಿಕೊಂಡು ಕೊಡಿ, ಅದು ಜಾಲರಿಗಿಂತ ದೊಡ್ಡದಿರುತ್ತದೆ. ಆ ಚೀಟಿ ಕೈಗೆ ಬರುವವರೆಗೆ ಕಲ್ಲು ಕೊರೆಸಬೇಡಿ.